ಮದ್ದು ತಗ್ಗಿಸಿದ ಎರಡು ದಿನ

ಫೆಬ್ರವರಿ 3, ಬೆಳಿಗ್ಗೆ

ಉಪ್ಪನ ತುಟಿಗೆ ವ್ಯಾಸಲಿನ್ ಹಚ್ಚಿದೆ; ಮಗಳಾಗಿ ಮಾಡಬಹುದಾದದ್ದು ಈಗ ಇಷ್ಟೇ. ಬಾಯಲ್ಲಿ ಟ್ಯೂಬ್, ಪಕ್ಕದಲ್ಲಿ ವೆಂಟಿಲೇಟರ್. ಪುತ್ತಿಗೆಯ ತಿರುವಿನಲ್ಲಿ ಟೆಂಪೋ ಮಗುಚಿ ಎಡಬದಿಯ ಪಕ್ಕೆಲುಬೆಲ್ಲ ಪುಡಿ. ಹತ್ತಿರವೆಂದು ಮೂಡುಬಿದಿರೆಯ ಈ ಆಸ್ಪತ್ರೆಗೇ ತಂದರು. ನಿದ್ದೆಯಲ್ಲಿದ್ದಾರೆ — ಸದ್ಯ.

ಸಿರಿಂಜ್ ಪಂಪ್ ತೋರಿಸಿ ಉಮ್ಮ ಕೇಳಿದರು, "ಇದೆಂತ?"

ಸಿಸ್ಟರ್ ವಿಸ್ಮಿತಾ ಪಾಪ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. "ಫೆಂಟನಿಲ್ ಅಂತ ಅಮ್ಮ, ನೋವಿನ ಮದ್ದು. ಸ್ವಲ್ಪ ಅಮಲು ಇರ್ತದೆ."

ಅಮಲು! ಮುಗಿಯಿತು ಕಥೆ. ಜನ್ಮದಲ್ಲಿ ಬೀಡಿ ಮುಟ್ಟದ ಮನುಷ್ಯನ ಹೆಂಡತಿಯ ಹತ್ತಿರ ಹೇಳುವ ಮಾತಾ ಅದು?

ಫೆಬ್ರವರಿ 4

"ಅಮಲಲ್ಲಿ ಹೋಗ್ಬಾರ್ದು ಸಬೀಹಾ. ಕೊನೆಗೆ ಅಲ್ಲಾಹನ ಹೆಸರಿನ ಕಲಿಮ ಹೇಳ್ಲಿಕ್ಕೆ ಬುದ್ಧಿ ಬೇಕು." ನಿನ್ನೆಯಿಂದ ಉಮ್ಮನದ್ದು ಇದೊಂದೇ.

ಮಸೀದಿಯ ಉಸ್ತಾದರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಮದ್ದಿಗೆ ಏನೂ ತೊಂದರೆಯಿಲ್ಲ, ನೀವು ಕಿವಿಯಲ್ಲಿ ಹೇಳಿದರೂ ಸಾಕು ಎಂದರು. ಫೋನ್ ಇಟ್ಟದ್ದೇ ತಡ ಉಮ್ಮ — "ಅವರಿಗೆ ಎಂತ, ಮಲಗಿದ್ದು ಅವರ ಮನೆಯವರಾ?"

ಡಾ. ಶೋಧನ್ ನನ್ನನ್ನೇ ಕೇಳಿದರು. "ಕಡಿಮೆ ಮಾಡ್ಬಹುದು. ಎಚ್ಚರ ಆಗ್ತದೆ, ನೋವೂ ಆಗ್ತದೆ. ನೀವು ಹೇಳಿ."

ಜಗಳ ಸಾಕಾಗಿತ್ತು. ಹೂಂ ಎಂದೆ.

ಫೆಬ್ರವರಿ 5, ಮಧ್ಯಾಹ್ನ

ಕಣ್ಣು ಬಿಟ್ಟರು. ಉಮ್ಮ ಕಿವಿಯ ಹತ್ತಿರ ಬಾಗಿ ಕಲಿಮ ಹೇಳಿದರು, ಮತ್ತೆ ಮತ್ತೆ. ಉಪ್ಪನ ಕಣ್ಣಿಂದ ನೀರು. "ಕಂಡೆಯಾ? ಗೊತ್ತಾಯ್ತು ಅವರಿಗೆ!" ಇಲ್ಲಿಗೆ ಬಂದ ಮೇಲೆ ಮೊದಲ ಸಲ ಉಮ್ಮ ಹೊಟ್ಟೆತುಂಬ ಉಂಡರು.

ನಾನು ಕಂಡದ್ದು ಬೇರೆ. ಟ್ಯೂಬನ್ನು ಕಚ್ಚುತ್ತಿದ್ದರು. ನನ್ನ ಕೈಯನ್ನು ಹಿಡಿದದ್ದಲ್ಲ, ಹಿಂಡಿದ್ದು. ಮದ್ದು ಜಾಸ್ತಿ ಮಾಡುವ ಎಂದೆ.

"ದಮ್ಮಾಮಿಂದ ಅನ್ಸಾಫ್ ಬರ್ಲಿ. ಮಗನನ್ನು ಒಮ್ಮೆ ನೋಡುವುದು ಬೇಡ್ವಾ?"

ಸೌದಿಯಲ್ಲಿರುವ ತಮ್ಮನ ಹೆಸರೆತ್ತಿದ ಮೇಲೆ ಡಾಕ್ಟರ ಹತ್ತಿರ ಹೋಗಲಿಲ್ಲ. ಹೇಡಿ ನಾನು.

ಫೆಬ್ರವರಿ 7

ನಿನ್ನೆ ಬರೆಯಲಾಗಲಿಲ್ಲ. ದಿನವಿಡೀ ಉಪ್ಪ ಎಚ್ಚರ.

ಕಿಡ್ನಿ ನಿಂತಿದೆ. ಇನ್ನು ಹೆಚ್ಚು ಸಮಯವಿಲ್ಲ ಎಂದರು ಡಾಕ್ಟರು.

ಬೆಳಿಗ್ಗೆ ಹಣೆ ಒರೆಸಲು ಉಮ್ಮ ಕೈ ಚಾಚಿದರು. ಉಪ್ಪ ಹೆದರಿ ಮುಖ ತಿರುಗಿಸಿದರು. ಇಷ್ಟು ವರ್ಷ ಆ ಕೈಯ ಗಂಜಿ ಉಂಡವರು! ಉಮ್ಮ ಹೊರಗೆ ಬಂದು ಗೋಡೆ ಹಿಡಿದು ನಿಂತರು. "ಕೊಡ್ಲಿಕ್ಕೆ ಹೇಳು. ಪೂರ್ತಿ ಕೊಡ್ಲಿ."

ಓಡಿದೆ. ಪಂಪ್ ಏರಿಸಿದ ಸ್ವಲ್ಪದರಲ್ಲೇ ಉಪ್ಪನ ಹುಬ್ಬು ಸಡಿಲವಾಯಿತು. ಶುಕ್ರವಾರದ ಜುಮಾ ನಮಾಜು ಮುಗಿಸಿ, ಉಂಡು ಮಲಗಿದ ಹಾಗೆ ಮುಖ. ವಿಸ್ಮಿತಾಳ ಎದುರೇ ಜೋರಾಗಿ ಅತ್ತುಬಿಟ್ಟೆ.

ಫೆಬ್ರವರಿ 8, ಸಂಜೆ

ಅನ್ಸಾಫ್ ಏರ್‌ಪೋರ್ಟಿಂದ ಸೀದಾ ಬಂದ. "ಒಮ್ಮೆ ಎಬ್ಬಿಸು. ನನ್ನನ್ನು ಒಂದ್ಸಲ ನೋಡ್ಲಿ."

ಬೇಡ ಎಂದೆ.

"ನಿಮ್ಮಿಬ್ಬರನ್ನು ನೋಡಿದ್ರು. ನನ್ನನ್ನು ನೋಡುವುದು ಬೇಡ್ವಾ?"

ಉಮ್ಮ ತಲೆ ತಗ್ಗಿಸಿದರು. ಡಾಕ್ಟರು ನನ್ನ ಮುಖ ನೋಡಿದರು. ಬೇಡ ಡಾಕ್ಟ್ರೇ, ಎಂದೆ ಮತ್ತೆ.

ಕೊನೆಗೆ ಅನ್ಸಾಫನೇ ಕಿವಿಯಲ್ಲಿ ಕಲಿಮ ಹೇಳಿದ. ಸಂಜೆಯ ಅಸರ್ ಬಾಂಗಿಗೆ ಮೊದಲೇ ಉಪ್ಪ ಹೋದರು. ನಿದ್ದೆಯಲ್ಲೇ.

ಫೆಬ್ರವರಿ 10, ಕಲ್ಲಡ್ಕದ ಮನೆ

ನಿನ್ನೆ ದಫನ್ ಮುಗಿಯಿತು. ಅನ್ಸಾಫ್ ನನ್ನೊಡನೆ ಮಾತು ಬಿಟ್ಟಿದ್ದ. ಈಗ ಚಾ ಕೊಟ್ಟಾಗ ತಲೆಯೆತ್ತಿದ.

"ಹೋಗುವಾಗ ಉಪ್ಪನಿಗೆ ನೋವಿರ್ಲಿಲ್ಲ ಅಲ್ವಾ?"

"ಇಲ್ಲ. ಅಲ್ಲಾಹನಾಣೆ."

"ಅದಕ್ಕೆ ಮೊದ್ಲು? ನನಗೋಸ್ಕರ ಎಚ್ಚರ ಇಟ್ಟಿದ್ರಂತೆ... ಆಗ?"

ಉಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

ಫೋನ್ ಬಂತೆಂದು ಸುಳ್ಳು ಹೇಳಿ ಒಳಗೆ ಬಂದಿದ್ದೇನೆ. ಅವನು ಕಾಯುತ್ತಿದ್ದಾನೆ. ಉಮ್ಮನೂ. ಹೋಗಿ ಹೇಳಬೇಕು. ಆ ಎರಡು ದಿನ ಉಪ್ಪ —