ಗೌಡ ಅಲ್ಲ, ಗೌ

ನನ್ನ ಪ್ರೀತಿಯ ಡ್ಯಾಡಿ,

ಭದ್ರಾವತಿಯಲ್ಲಿ ಯಾರಾದರೂ ನಿಮ್ಮನ್ನು "ಗೌಡ್ರೇ" ಎಂದು ಕರೆದರೆ ನಿಮಗೆ ಮೈಯೆಲ್ಲ ಉರಿಯುತ್ತಿತ್ತು. "ಗೌಡ ಅಲ್ಲಯ್ಯ, ಗೌ. ನಮ್ಮಜ್ಜ ಸ್ಕಾಟ್ಲೆಂಡಿಂದ ಕಾರ್ಖಾನೆ ಕೆಲಸಕ್ಕೆ ಬಂದೋನು" ಎಂದು ಹಾಲಿನವನಿಗೂ ಪಾಠ ಮಾಡುತ್ತಿದ್ದಿರಿ. ನನ್ನ ಶಾಲೆಯ ಗುಮಾಸ್ತರಂತೂ ಇಂಗ್ಲಿಷಿನಲ್ಲಿ ಬರೆದುಕೊಟ್ಟ ಗೌ ನೋಡಿ, ಇದು ಅರ್ಧಕ್ಕೆ ನಿಂತ ಗೌಡ ಎಂದುಕೊಂಡು ತಾವೇ ಪೂರ್ತಿ ಮಾಡಿಬಿಟ್ಟಿದ್ದರು. ಅದನ್ನು ತಿದ್ದಿಸಲು ನೀವು ಎಷ್ಟು ಅಲೆದಿರಿ...

ಮಂಜುವನ್ನು ಮದುವೆಯಾಗುತ್ತೇನೆ ಎಂದು ಹೇಳಿದ ಸಂಜೆ ನೆನಪಿದೆಯಾ? ಶಿವಮೊಗ್ಗದ ಕೋಟೆ ಹತ್ತಿರ ಅವನ ಅಪ್ಪನ ಕುಲುಮೆ ಇದೆ, ಕತ್ತಿ ಕುಡುಗೋಲು ಮಾಡುತ್ತಾರೆ ಎಂದೆ. ನೀವು ತಟ್ಟೆ ಪಕ್ಕಕ್ಕೆ ತಳ್ಳಿದಿರಿ. "ಗೌ ಅಂದ್ರೆ ಅರಮನೆ ಇದ್ದೋರು ಕಣೇ. ಕಮ್ಮಾರರ ಮನೆಗೆ ಹೆಣ್ಣು ಕೊಡ್ತೀವಾ?" ಆ ಅರಮನೆಯ ಕತೆ ನಿಮಗೆ ಯಾರು ಹೇಳಿದ್ದರು? ಕೇಳೋಣವೆಂದರೆ ನಿಮ್ಮ ಸಿಟ್ಟು ಇಳಿಯುವ ಮೊದಲೇ ಈ ಲೋಕ ಬಿಟ್ಟು ಹೊರಟುಹೋದಿರಿ.

ಹೋದ ವಾರ ಅದೇ ಅರಮನೆಯನ್ನು ಹುಡುಕಲು ಮೊಬೈಲು ಹಿಡಿದು ಕೂತೆ. ಅರಮನೆ ಸಿಗಲಿಲ್ಲ, ಹೆಸರಿನ ಅರ್ಥ ಸಿಕ್ಕಿತು. ಅದು ಸ್ಕಾಟ್ಲೆಂಡಿನ ಹಳೆಯ ಗೇಲಿಕ್ ಭಾಷೆಯಿಂದ ಬಂದ ಮಾತಂತೆ. ಗೌ ಎಂದರೆ ಕಮ್ಮಾರ. ಓದಿ ನಗು ಬಂತು, ಆಮೇಲೆ ನಿಮ್ಮ ಮೇಲೆ ವಿಪರೀತ ಕೋಪ ಬಂತು.

ನಿನ್ನೆ ಮಂಜುವಿನ ಮನೆಗೆ ಹೋಗಿದ್ದೆ. ಅವನ ಅಮ್ಮ ಕಾಫಿ ಕೊಟ್ಟರು, ತಾವು ಕೂರಲಿಲ್ಲ. "ಗೌಡ್ರ ಹುಡ್ಗಿ ನೀನು. ನಾಳೆ ನಿಮ್ಮೋರೆಲ್ಲ ಬಂದು ಬಾಗ್ಲಲ್ಲಿ ನಿಂತ್ರೆ ನಾವೆಲ್ಲಿಗೆ ಹೋಗೋದು ಮಾರಾಯ್ತಿ? ಈ ಮದ್ವೆ ಬೇಡ" ಎಂದರು. ಮಂಜು ಬಾಯಿ ತೆರೆದ. ನಾನು ಅವನನ್ನು ಮಾತಾಡಲು ಬಿಡಲಿಲ್ಲ.

"ಗೌಡ ಅಲ್ಲಮ್ಮ, ಗೌ. ನಾವು ಚರ್ಚಿಗೆ ಹೋಗೋರು" ಎಂದೆ.

"ಗೌ ಅಂದ್ರೆ ಏನು? ಯಾವ ಜನ ನೀವು?"

ಹೇಳಿದರೆ ನಿಮ್ಮ ಅರಮನೆಯನ್ನು ನಾನೇ ಕೆಡವಿದ ಹಾಗೆ. ಹೇಳದಿದ್ದರೆ ಮಂಜು... ಇಷ್ಟು ವರ್ಷ ನೀವು ಎದೆಯುಬ್ಬಿಸಿ ಹೇಳಿಕೊಂಡ ಹೆಸರು ಡ್ಯಾಡಿ, ನಾನೇನು ಮಾಡಲಿ?

"ಕಮ್ಮಾರ ಅಂತ ಅರ್ಥ" ಎಂದೆ.

ಸುಳ್ಳು ಹೇಳುತ್ತಿದ್ದಾಳಾ ಎಂದು ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಹಿತ್ತಲ ಕಡೆ ತಿರುಗಿದರು. "ಏನೂಂದ್ರೆ, ಬನ್ನಿ ಇಲ್ಲಿ. ಈ ಹುಡ್ಗಿ ಕಮ್ಮಾರರ ಪೈಕಿಯಂತೆ. ಚರ್ಚಿನ ವಿಷ್ಯ ಆಮೇಲ್ ನೋಡ್ಕೊಳ್ಳೋಣ."

ಮಂಜುವಿನ ಅಪ್ಪ ಕೈ ಒರೆಸಿಕೊಳ್ಳುತ್ತಾ ಬಂದರು. ಹೆಸರಿನ ಬಗ್ಗೆ ಅವರು ಏನೂ ಕೇಳಲಿಲ್ಲ. "ನಿಮ್ಮಪ್ಪ ಇದ್ದಿದ್ರೆ ಒಪ್ಕೊಳ್ಳೋರೇನಮ್ಮ?" ಎಂದಷ್ಟೇ ಕೇಳಿದರು.

"ಒಪ್ಕೊಳ್ಳೋರು" ಎಂದುಬಿಟ್ಟೆ.

ಮದುವೆ ಫೆಬ್ರವರಿಯಲ್ಲಿ. ನಿಮ್ಮ ಪರವಾಗಿ ನಾನೇ ಒಪ್ಪಿಬಿಟ್ಟಿದ್ದೇನೆ, ಡ್ಯಾಡಿ. ನನ್ನನ್ನು ಸುಳ್ಳಿ ಮಾಡಬೇಡಿ.

ನಿಮ್ಮ ಲಿಲ್ಲಿ