ಕಂದು ಪೆಡಲ್‌ನ ಒಳಗೆ ಏನಿತ್ತು, ಭಾವ?

ಭಾವನವರಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ನೀವು ಹೋಗಿ ಎಂಟು ತಿಂಗಳಾಯಿತು. ನಿಮ್ಮ ಉತ್ತರಕ್ರಿಯೆಯ ಊಟಕ್ಕೆ ಬಂದವರೆಲ್ಲ ನಿಮ್ಮ ಕಿವಿಯನ್ನು ಹೊಗಳಿದ್ದೇ ಹೊಗಳಿದ್ದು. “ಎಂಥಾ ಕಿವಿ ಮಾರಾಯ್ರೆ, ಒಂದು ತಂತಿ ಸಡಿಲಾದರೆ ಅಡುಗೆಮನೆಯಿಂದ ಹೇಳ್ತಿದ್ರು!” ನಾನೂ ತಲೆಯಾಡಿಸಿ ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಆಗಿನ್ನೂ ನನಗೆ ಗೊತ್ತಿರಲಿಲ್ಲ.

ಡೊಂಬಿವಲಿಯ ನಿಮ್ಮ ಮನೆಗೆ ನಾನು ಬಂದಿಳಿದ ದಿನ ನೆನಪಿದೆಯಾ? ನನಗೆ ಇಪ್ಪತ್ತು ವರ್ಷ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಗಿಟಾರು. ನೀವು ಅಕ್ಕನ ಗಂಡ. ವಾರವಿಡೀ ಆಫೀಸು, ರಜೆ ಬಂದರೆ ಆರ್ಕೆಸ್ಟ್ರಾ. ಸಂಘದ ವಾರ್ಷಿಕೋತ್ಸವ, ಮದುವೆ, ಗಣಪತಿ ಪೆಂಡಾಲು, ಎಲ್ಲಿ ಹೋದರೂ ಲೀಡ್ ಗಿಟಾರಿಗೆ ನೀವೇ. ನಿಮ್ಮ ಕಾಲಬುಡದಲ್ಲಿ ಆ ಕಂದು ಬಣ್ಣದ ಡಬ್ಬಿ, ವಿದೇಶದ ಓವರ್‌ಡ್ರೈವ್ ಪೆಡಲ್. ಪಾದದಿಂದ ಅದನ್ನು ಒತ್ತಿದರೆ ಸಾಕು, ನಯವಾಗಿದ್ದ ಗಿಟಾರಿನ ಸ್ವರ ಗಂಟಲು ಕಟ್ಟಿದ ಹಾಗೆ ಒರಟಾಗುತ್ತಿತ್ತು. ನಾನು ಬಗ್ಗಿ ನೋಡಿದ್ದಕ್ಕೆ, “ಮುಟ್ಟಬೇಡ, ನಿನ್ನ ಅಪ್ಪನ ಮನೆ ಮಾರಿದ್ರೂ ಇಂಥದ್ದು ಸಿಗುದಿಲ್ಲ” ಅಂದಿರಿ. ಅಕ್ಕ ಅಲ್ಲೇ ನಿಂತಿದ್ದಳು. ಅವಳಿಗೂ ಅದೇ ಅಪ್ಪ ಅಲ್ಲವಾ?

ಕಲ್ಯಾಣ್ ಊರಿನ ಒಂದು ಪ್ರೋಗ್ರಾಂ ಮುಗಿಸಿ ಬಂದವರು ಎರಡು ದಿನ ಮುಖ ಗಂಟಿಕ್ಕಿಕೊಂಡೇ ಇದ್ದಿರಿ. ನಿಮ್ಮ ಚೀಲದಿಂದ ಸುಟ್ಟ ವಾಸನೆ ಬರುತ್ತಿತ್ತು. “ಏನಾಯ್ತು?” ಎಂದರೆ ಪೆಂಡಾಲಿನ ಕರೆಂಟಿನವನಿಗೆ ಬೈದಿರಿ. ಮುಂದಿನ ವಾರ ಮಾರ್ಕೆಟ್ಟಿನಿಂದ ಅಗ್ಗದ ಪೆಡಲ್ ಎರಡು ತಂದಿರಿ. “ಒಂದೇ ಥರದ್ದು ಎರಡು ಯಾಕೆ?” ಎಂದು ಅಕ್ಕ ಕೇಳಿದಳು. ನೀವು ಬಾಗಿಲು ಹಾಕಿಕೊಂಡಿರಿ.

ಆಮೇಲೆ ಬಂತು ನನ್ನ ಗೋಡೆ ಪರೀಕ್ಷೆ. ತಂಡದಲ್ಲಿ ಗಿಟಾರ್ ಹಿಡಿಯುವವರೆಲ್ಲ ಅದನ್ನು ದಾಟಬೇಕಿತ್ತು: ಗೋಡೆಗೆ ಮುಖ ಮಾಡಿ ನಿಂತು ಗಿಟಾರ್ ನುಡಿಸುವುದು, ಬೆನ್ನ ಹಿಂದೆ ನೀವು ಒಂದು ಸಲ ಕಂದು ಪೆಡಲ್ ಒತ್ತುವುದು, ಇನ್ನೊಂದು ಸಲ ಅಗ್ಗದ್ದು. ಯಾವುದು ಯಾವುದೆಂದು ಹೇಳಬೇಕು. ನಾನು ಗೆದ್ದರೆ ಗಣಪತಿಗೆ ಲೀಡ್ ನನ್ನದು ಎಂದು ಎಲ್ಲರೆದುರು ಒಪ್ಪಿದ್ದಿರಿ. ಮೂರು ಸಲ ಕೇಳಿದೆ. ಕಣ್ಣು ಮುಚ್ಚಿ ಕೇಳಿದೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, “ಭಾವ, ಎರಡೂ ಒಂದೇ.” ನೀವು ತೊಡೆ ತಟ್ಟಿ ನಕ್ಕಿರಿ. “ಇವನಿಗೆ ಕಿವಿ ಎರಡುಂಟು, ಕನ್ನಡಕ ನಿಲ್ಲಿಸ್ಲಿಕ್ಕೆ ಮಾತ್ರ!” ತಬಲಾದವನು ನಕ್ಕ. ಹಾಡುವ ಹುಡುಗಿ ನಕ್ಕಳು. ನನ್ನ ಕೈಗೆ ಖಂಜರಿ ಕೊಟ್ಟಿರಿ.

ಎಷ್ಟು ಮದುವೆಗಳಲ್ಲಿ, ಎಷ್ಟು ನಾಮಕರಣಗಳಲ್ಲಿ ಆ ಕಥೆ ಹೇಳಿದಿರಿ ಭಾವ? ನನ್ನ ಮದುವೆಯಲ್ಲೂ ಹೇಳಿದಿರಿ, ಹೆಂಡತಿಯ ಕಡೆಯವರಿಗೆಲ್ಲ ಕೇಳುವ ಹಾಗೆ. ಅಷ್ಟರಲ್ಲಿ ನಾನು ಗಿಟಾರನ್ನು ದಿವಾ ಸ್ಟೇಷನ್ ಹತ್ತಿರದ ಒಬ್ಬ ಗೆಳೆಯನಿಗೆ ಕೊಟ್ಟುಬಿಟ್ಟಿದ್ದೆ. ತುರ್ಭೆಯ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಹತ್ತೊಂಬತ್ತು ವರ್ಷ ನಾನೂ ನಂಬಿದೆ, ನನಗೆ ಕಿವಿಯಿಲ್ಲ ಎಂದು. ರೇಡಿಯೋದಲ್ಲಿ ಹಾಡು ಚೆನ್ನಾಗಿದೆ ಎನ್ನಲೂ ಹೆಂಡತಿಯ ಮುಖ ನೋಡುತ್ತಿದ್ದೆ. ಇದನ್ನು ನಿಮಗೆ ಹೇಗೆ...

ಹೋದ ತಿಂಗಳು ಅಕ್ಕ ಕಪಾಟು ಖಾಲಿ ಮಾಡುವಾಗ ಕಂದು, ಅಗ್ಗದ್ದು ಎರಡೂ ಪೆಡಲ್ ನನಗೆ ಕೊಟ್ಟಳು. “ಬ್ಯಾಟರಿ ಹಾಕಿ ಸರಿ ಮಾಡಿಡು, ಮಗಳಿಗೆ ಬೇಕಂತೆ.” ಕಂದು ಡಬ್ಬಿಯ ಸ್ಕ್ರೂಗಳ ಮೇಲೆ ಅಕ್ಕನ ಕೆಂಪು ನೇಲ್‌ಪಾಲಿಶಿನ ಚುಕ್ಕೆಗಳು, ಬೇರೆ ಯಾರಾದರೂ ಬಿಚ್ಚಿದರೆ ತಿಳಿಯಲಿ ಎಂದು ನೀವೇ ಇಡುತ್ತಿದ್ದಿರಿ. ಬಿಚ್ಚಿದೆ. ಒಳಗಿದ್ದದ್ದು ಅಗ್ಗದ ಪೆಡಲಿನ ಸರ್ಕ್ಯೂಟ್ ಹಲಗೆ. ಅದೇ ಹಸಿರು, ಅದೇ ಬಿಳಿ ಅಕ್ಷರ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ, ಅವಳಿಜವಳಿ. ಕಲ್ಯಾಣ್‌ನಲ್ಲಿ ಅಸಲಿ ಹಲಗೆ ಸುಟ್ಟದ್ದನ್ನು ಮುಚ್ಚಲು ಇಷ್ಟೆಲ್ಲ ಮಾಡಿದಿರಾ? ನಾನು ಹೇಳಿದ್ದು ಸರಿಯಿತ್ತು. ಅದು ಸರಿಯೆಂದು ಗೊತ್ತಿದ್ದವರು ಆ ಕೋಣೆಯಲ್ಲಿ ನೀವೊಬ್ಬರೇ. ಹಾಗಿದ್ದೂ ನಕ್ಕಿರಿ. ಹಾಳಾದವರೇ!

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ನಿಮ್ಮ ಮಗಳು ಪೂರ್ವಿ ನಿಮಗಿಂತ ಚೆನ್ನಾಗಿ ನುಡಿಸುತ್ತಾಳೆ. ವಾಶಿಯ ಒಂದು ಬ್ಯಾಂಡಿನವರು ಲೀಡ್ ಗಿಟಾರಿಗೆ ಅವಳನ್ನು ಆಡಿಶನ್ನಿಗೆ ಕರೆದಿದ್ದರು. ಯಾವ ಪೆಡಲ್ ಒಯ್ಯಲಿ ಎಂದು ಕೇಳಲು ಹೋದ ಭಾನುವಾರ ಮಧ್ಯಾಹ್ನ ಠಾಣೆಯ ನಮ್ಮ ಮನೆಗೆ ಬಂದಳು. “ಮಾಮಾ, ಪಪ್ಪಾ ವಾಲಾ ವಾಲ್ ಟೆಸ್ಟ್ ಕರೋ ನಾ,” ಎಂದು ತಾನೇ ಗೋಡೆಗೆ ಮುಖ ಮಾಡಿ ನಿಂತಳು. ನಾನು ಒತ್ತಿದೆ. ಅವಳು ನುಡಿಸಿದಳು. ನಿಮ್ಮ ಹಾಗೆಯೇ ತಲೆ ಓರೆ ಮಾಡಿ ಕೇಳಿದಳು. “ಮಾಮಾ, ದೋನೋ ಸೇಮ್ ಹೈ.” ಎರಡೂ ಒಂದೇ, ಅಂದು ನಾನಂದ ಮಾತೇ.

ಶಾಭಾಸ್ ಎನ್ನಲೆಂದೇ ಬಾಯಿ ತೆರೆದೆ ಭಾವ, ನಿಮ್ಮಾಣೆ. ಆದರೆ ಆ ಓರೆ ತಲೆ ಕಂಡಿತು. “ನಿನಗೆ ಕಿವಿ ಎರಡುಂಟು, ಕನ್ನಡಕ ನಿಲ್ಲಿಸ್ಲಿಕ್ಕೆ ಮಾತ್ರ,” ಅಂದೆ. ನಕ್ಕೆ ಕೂಡ. ಅವಳು ತಿರುಗಿ ಕನ್ನಡಕ ತೆಗೆದು ಒರೆಸಿಕೊಂಡಳು. “ಪಪ್ಪಾ ಹೋತೇ ತೋ ಕ್ಯಾ ಬೋಲ್ತೇ?” ನೀವಿದ್ದಿದ್ದರೆ ಏನು ಹೇಳುತ್ತಿದ್ದಿರಿ ಎಂದು ಕೇಳಿದಳು. “ಇದನ್ನೇ ಹೇಳ್ತಿದ್ರು,” ಅಂದೆ. ಅದೊಂದು ಮಾತ್ರ ಸುಳ್ಳಲ್ಲ.

ಗಿಟಾರನ್ನು ಇಲ್ಲೇ ಬಿಟ್ಟು ಹೋದಳು. “ಆಡಿಶನ್ನಿಗೆ ಹೋಗಲೇ ಇಲ್ಲ, ನಿನ್ನ ಮನೆಯಲ್ಲಿ ಏನಾಯ್ತು?” ಎಂದು ಅಕ್ಕ ನಿನ್ನೆ ಫೋನಿನಲ್ಲಿ ಅತ್ತಳು. ಏನೂ ಆಗಲಿಲ್ಲ ಅಂದೆ.

ನಿಮ್ಮ ಫೋಟೋಗೆ ಪೂರ್ವಿ ದಿನಾ ಹೂವು ಇಡುತ್ತಾಳೆ. ಆ ಡಬ್ಬಿಯನ್ನು ಅವಳೆದುರು ಬಿಚ್ಚಿ ತೋರಿಸಿದರೆ ನಾಳೆಯಿಂದ ಇಡಲಾರಳು. ತೋರಿಸಬೇಕೆಂದು ಕೈ ತುರಿಸುತ್ತದೆ. ಆದರೆ “ಯಾವಾಗ ಬಿಚ್ಚಿದಿರಿ ಮಾಮಾ, ಭಾನುವಾರಕ್ಕೆ ಮೊದಲಾ, ಆಮೇಲಾ?” ಎಂದು ಕೇಳುತ್ತಾಳೆ. ನಿಮ್ಮ ಮಗಳು, ಕೇಳದೆ ಬಿಡುವವಳಲ್ಲ.

ಅದಕ್ಕೇ ಮಾತು ಕೊಡುತ್ತೇನೆ, ಯಾರಿಗೂ ಹೇಳುವುದಿಲ್ಲ. ಸ್ಕ್ರೂ ಬಿಗಿದಿದ್ದೇನೆ. ಮೇಲೆ ಕೆಂಪು ಚುಕ್ಕೆ ಇಟ್ಟಿದ್ದೇನೆ, ನೀವು ಇಡುತ್ತಿದ್ದ ಹಾಗೆಯೇ. ಇನ್ನೂ ಒಣಗಿಲ್ಲ.

ನಿಮ್ಮ ಭಾವಮೈದ