ಕೂತಲ್ಲಿಗೇ ಬರುವ ಬಾಡಿಗೆ

ಕುಶಾಲನಗರ
18-11-2024

ಪ್ರೀತಿಯ ಸುಮಿತ್ರಮ್ಮ ಟೀಚರಿಗೆ, ಲಿಂಗಮ್ಮನ ನಮಸ್ಕಾರಗಳು.

ಮೊಣಕಾಲೊಂದು ಬಿಟ್ಟರೆ ಇಲ್ಲಿ ಮಿಕ್ಕದ್ದೆಲ್ಲ ಕ್ಷೇಮ. ಶನಿವಾರಸಂತೆಯಲ್ಲಿ ನೀವೂ ನಿಮ್ಮ ತಂಗಿ ಮನೋರಮಾ ಅವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕಾಗದ ತಡವಾಯಿತು, ಕ್ಷಮಿಸಿ. ಗೌರಿ ಹಬ್ಬಕ್ಕೇ ಬರೆಯಬೇಕೆಂದು ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ಲೆಟರ್ ಕೊಡಪ್ಪ ಎಂದರೆ, ಆ ಹುಡುಗ ನಾನು ಎತ್ತಿನ ಗಾಡಿಗೆ ಕೀಲೆಣ್ಣೆ ಕೇಳಿದೆನೇನೋ ಎಂಬಂತೆ ನೋಡಿದ. "ವಾಟ್ಸಾಪ್ ಮಾಡಿ ಅಜ್ಜಿ" ಅಂದ. ಅಜ್ಜಿ ಅಂದದ್ದಕ್ಕೆ ಬೈದು ಕವರು ತಂದೆ.

ಫೋನು ಮಾಡಿದರೆ ರಿಂಗಾಗುತ್ತದೆ, ನೀವು ಎತ್ತುವುದಿಲ್ಲ. "ಫೋನಿನಲ್ಲಿ ನೀವು ಮಾತಾಡಿದರೂ ಜಗಳವಾಡಿದ ಹಾಗೇ ಕೇಳುತ್ತೆ ಲಿಂಗಮ್ಮನವರೇ" ಎಂದು ಹಿಂದೊಮ್ಮೆ ನೀವೇ ಹೇಳಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಾದರೆ ನನ್ನ ಗಂಟಲು ಕೇಳಿಸುವುದಿಲ್ಲವಲ್ಲ. ಒತ್ತಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸು ಕಳಿಸಿ, ಅದೇ ಉತ್ತರ ಅಂದುಕೊಳ್ಳುತ್ತೇನೆ.

ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ, ನಿಮಗೆ ಗೊತ್ತು. ವಠಾರ ಮಾರಿದ್ದಕ್ಕೆ ನಿಮಗೆ ನನ್ನ ಮೇಲೆ ಕೋಪವೇ? ಇದ್ದರೆ ಹೇಳಿ. ಇಪ್ಪತ್ತು ವರ್ಷದ ಹತ್ತಿರ ಒಂದನೇ ನಂಬರಿನ ಮನೆಯಲ್ಲಿದ್ದು, ಕೊಂಡವರು ಖಾಲಿ ಮಾಡಿಸಿದಾಗ ತಂಗಿಯ ಮನೆ ಸೇರಬೇಕಾದವರು ನೀವು. ನಿಮಗೆ ಕೋಪ ಬರಬಾರದು ಎಂದು ನಾನು ಹೇಳುವುದಿಲ್ಲ.

ಆದರೆ ನನ್ನ ಪಾಡನ್ನೂ ಒಂದು ಸಲ ಯೋಚಿಸಿ. ನಮ್ಮ ಯಜಮಾನರು ಅಮ್ಮತ್ತಿಯ ಎಸ್ಟೇಟಿನಲ್ಲಿ ರೈಟರಾಗಿ ಲೆಕ್ಕ ಬರೆದು ದುಡಿದದ್ದರಲ್ಲಿ ಮೊದಲನೇ ಮನೆ ಕಟ್ಟಿದರು. ಆ ಮನೆಯ ಬಾಡಿಗೆಯಲ್ಲಿ ಎರಡನೆಯದು, ಎರಡರ ಬಾಡಿಗೆಯಲ್ಲಿ ಮೂರನೆಯದು, ಹೀಗೆ ಸಾಲಾಗಿ ಎಂಟು ಮನೆ ಎದ್ದವು. ಅವರು ಹೋದ ಮೇಲೆ ಅಷ್ಟೂ ನನ್ನ ತಲೆಯ ಮೇಲೆ. ಬೆಳಕು ಹರಿಯುವ ಮುಂಚೆ ಮೋಟರ್ ಹಾಕಬೇಕು, ಇಲ್ಲದಿದ್ದರೆ ಐದನೇ ಮನೆಯವರು ಬಕೆಟ್ ಬಡಿಯುತ್ತಾರೆ. ಟ್ಯಾಂಕು ನಾನೇ ಹತ್ತಿ ನೋಡಬೇಕು. ಪ್ಲಂಬರ್ ನಾಳೆ ಎಂದರೆ ಬರುವ ವಾರ. ಮೊಣಕಾಲಿನ ಆಪರೇಷನ್ ಆದಾಗ ಡಾಕ್ಟರು ಏಣಿ ಹತ್ತಬಾರದು ಎಂದರು. ನನ್ನ ಅಣ್ಣನ ಮಗ ಕಿರಣ್‌ಕುಮಾರ್ ಆಸ್ಪತ್ರೆಯ ಮಂಚದ ಪಕ್ಕದಲ್ಲೇ ಶುರು ಮಾಡಿದ. "ಅತ್ತೆ, ಇನ್ನೆಷ್ಟು ದಿನ ಬೇರೆಯವರ ನಲ್ಲಿ ರಿಪೇರಿ ಮಾಡಿಸ್ಕೊಂಡು ಕೂತಿರ್ತೀಯ? ಇದನ್ನ ಮಾರಿ ಮೈಸೂರಲ್ಲಿ ಒಂದು ದೊಡ್ಡ ಆಫೀಸ್ ಬಿಲ್ಡಿಂಗಲ್ಲಿ ಪಾಲು ತಗೋ. ಕಂಪನಿಯವರೇ ನೋಡ್ಕೋತಾರೆ. ನೀನು ಕೂತಲ್ಲಿಗೇ ಬಾಡಿಗೆ ಬರುತ್ತೆ."

ಅವನು ಸುಳ್ಳು ಹೇಳಲಿಲ್ಲ. ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆ. ಫೋನು ಒಂದು ಸಲ ಟಿಂಗ್ ಎನ್ನುತ್ತದೆ, ಅಷ್ಟೇ, ಆ ತಿಂಗಳ ವ್ಯವಹಾರ ಮುಗಿಯಿತು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅಂತಾರೆ. ಗಾದೆ ಕಟ್ಟಿದವರು ಲೆಕ್ಕ ತಪ್ಪಿದ್ದಾರೆ ಟೀಚರೇ. ಹೊನ್ನು ಸಾಲುತ್ತದೆ, ಕೂರುವುದೇ ಕಷ್ಟ.

ನಾನೀಗ ಇರುವುದು ಹಾರಂಗಿ ರಸ್ತೆಯ ಹೊಸ ಲೇಔಟಿನಲ್ಲಿ. ಚೆನ್ನಾದ ಮನೆ, ಎರಡು ರೂಮು, ಏಣಿ ಇಲ್ಲ. ಎಡಗಡೆ ಮನೆ ಬೆಂಗಳೂರಿನವರದು, ಅವರು ಬರುವುದು ರಜಕ್ಕೆ. ಬಲಗಡೆಯದು ಹೋಂಸ್ಟೇ. ಅಲ್ಲಿ ಶುಕ್ರವಾರ ಬಂದವರು ಭಾನುವಾರ ಇರುವುದಿಲ್ಲ. ಒಬ್ಬ ಹುಡುಗಿಯನ್ನು ಮಾತಾಡಿಸಿ ಹೆಸರು ಕೇಳಿಕೊಂಡೆ, ಮರುದಿನ ಉಪ್ಪಿಟ್ಟು ತೆಗೆದುಕೊಂಡು ಹೋದರೆ ಬೇರೆ ಯಾರೋ ಬಾಗಿಲು ತೆಗೆದರು. ಮೋಟರ್ ಹಾಕುವ ಹೊತ್ತಿಗೆ ಈಗಲೂ ಎಚ್ಚರವಾಗುತ್ತದೆ. ಎದ್ದು ಹಜಾರದಲ್ಲಿ ಕೂರುತ್ತೇನೆ. ಯಾರೂ ಬಕೆಟ್ ಬಡಿಯುವುದಿಲ್ಲ. ಮನೆ ಕಟ್ಟಿ ನೋಡು ಎಂದರು, ಮಾರಿ ನೋಡು ಎಂದು ಯಾರೂ ಹೇಳಲಿಲ್ಲ.

ಈಗ ಒಂದು ಸುದ್ದಿ. ಕೇಳಿ ನಗಬೇಡಿ. ನಗಿ, ಪರವಾಗಿಲ್ಲ. ಶ್ರಾವಣದಲ್ಲಿ ನನ್ನ ಬಿಲ್ಡಿಂಗ್ ನೋಡಲು ಹೋಗಿದ್ದೆ.

ನಮ್ಮ ವಠಾರದ ಪದ್ಧತಿ ನಿಮಗೆ ಗೊತ್ತಲ್ಲ. ಬಾಡಿಗೆಯವರು ಕಾಲಿಡುವ ಮುಂಚೆ ಖಾಲಿ ಮನೆಯಲ್ಲಿ ನಾನೇ ಹಾಲುಕ್ಕಿಸಿ, ಆಮೇಲೆ ಬೀಗದ ಕೈ ಕೊಡುವುದು. ಮನೆಯೊಡತಿಯ ಕೈಯಲ್ಲಿ ಹಾಲು ಉಕ್ಕದ ಮನೆಯಲ್ಲಿ ಬಾಡಿಗೆಯವರು ನಿಲ್ಲುವುದಿಲ್ಲ ಎಂದು ನಮ್ಮತ್ತೆ ಹೇಳಿಕೊಟ್ಟದ್ದು. ನೀವು ಬಂದ ದಿನ, ನಾನು ಮುಟ್ಟಿದ ಹಾಲು ಆಗುವುದಿಲ್ಲವೆಂದು ನಿಮ್ಮ ಅತ್ತೆಯವರು ಬೇರೆ ಹಾಲು ತರಿಸಿ ಮತ್ತೆ ಉಕ್ಕಿಸಿದರು. ನನಗೆ ಮೈಯೆಲ್ಲ ಉರಿಯಿತು. ಸಂಜೆ ನೋಡಿದರೆ ನೀವು ಅವರ ಕಣ್ಣು ತಪ್ಪಿಸಿ ನನ್ನ ಹಾಲಿನಲ್ಲೇ ಕಾಫಿ ಮಾಡಿ, ಒಂದು ಲೋಟ ಕಾಂಪೌಂಡಿನ ಗೋಡೆಯ ಮೇಲಿಟ್ಟು, "ಸಕ್ಕರೆ ಕಮ್ಮಿ ಹಾಕಿದ್ದೀನಿ, ನಿಮಗೆ ಸರಿಹೋಗುತ್ತೋ ಇಲ್ಲವೋ" ಅಂದಿರಿ. ಆವತ್ತೇ ನೀವು ನನಗೆ ಬಾಡಿಗೆಯವರಾಗಿ ಉಳಿಯಲಿಲ್ಲ.

ಹಾಗಾಗಿ ಮೈಸೂರಿಗೂ ಹಾಲು, ಹೊಸ ಪಾತ್ರೆ, ಚಿಕ್ಕ ಗ್ಯಾಸ್ ಒಲೆ, ಅರಿಸಿನ ಕುಂಕುಮ ಎಲ್ಲ ಚೀಲದಲ್ಲಿ ಹಾಕಿಕೊಂಡೇ ಹೊರಟೆ. ಕಿರಣನಿಗೆ ಚೀಲದಲ್ಲೇನಿದೆ ಎಂದು ಹೇಳಲಿಲ್ಲ. ಗೇಟಿನಲ್ಲಿ ಸೆಕ್ಯುರಿಟಿಯವನು ಅಡ್ಡ ಬಂದ. "ಯಾರನ್ನ ನೋಡ್ಬೇಕಮ್ಮ?"

"ಯಾರನ್ನೂ ಇಲ್ಲ. ನಮ್ಮದೇ ಬಿಲ್ಡಿಂಗು" ಅಂದೆ.

ಪಾಪ, ಅವನು ನಗಲಿಲ್ಲ. ಒಳಗೆ ಫೋನು ಮಾಡಿದ. ಮಾಳವಿಕಾ ಎಂಬ ಹುಡುಗಿ ಇಳಿದು ಬಂದಳು, ಕಂಪನಿಯವಳು, ಕೊರಳಲ್ಲಿ ದಾರ ಕಟ್ಟಿದ ಕಾರ್ಡು. ಬಹಳ ಮರ್ಯಾದೆಯ ಹುಡುಗಿ. ನೀರು ಕೊಟ್ಟಳು, ಕುರ್ಚಿ ಕೊಟ್ಟಳು. ನಾನು ಚೀಲದಿಂದ ಒಲೆ ತೆಗೆದಾಗ ಮಾತ್ರ ಅವಳ ಮುಖ ಬಿಳುಪೇರಿತು. "ಅಯ್ಯೋ ಮೇಡಂ, ಇಲ್ಲಿ ಬೆಂಕಿ ಹಚ್ಚೋ ಹಾಗಿಲ್ಲ, ಎಲ್ಲಾ ಫ್ಲೋರಲ್ಲೂ ಅಲಾರಂ ಹೊಡ್ಕೊಳುತ್ತೆ!" ಕಿರಣ ತಲೆಯ ಮೇಲೆ ಕೈ ಹೊತ್ತು ಕೂತ.

ಹೋಗಲಿ, ನನ್ನ ಪಾಲು ಯಾವುದು, ಅದನ್ನಾದರೂ ತೋರಿಸಮ್ಮ ಅಂದೆ. "ಹಾಗೆ ಇಂಥದ್ದೇ ಅಂತ ಇಲ್ಲ ಮೇಡಂ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಮ್ಮದು." ಬಾಡಿಗೆಗೆ ಯಾರಿದ್ದಾರೆ, ಅವರ ಹತ್ತಿರ ಎರಡು ಮಾತಾಡಬಹುದೇ ಎಂದೆ. "ಅವರು ತುಂಬಾ ಬ್ಯುಸಿ ಮೇಡಂ. ಏನಾದ್ರೂ ಇದ್ರೆ ನಮಗೆ ಮೇಲ್ ಹಾಕಿ." ಗಾಜಿನ ಗೋಡೆಯ ಆಚೆ ನೂರಾರು ಮಕ್ಕಳು ಕಂಪ್ಯೂಟರಿನ ಮುಂದೆ ಕೂತಿದ್ದರು. ಒಬ್ಬಳು ಒಂಟಿಯಾಗಿ ಡಬ್ಬಿ ಊಟ ಮಾಡುತ್ತಿದ್ದಳು. ಅವಳು ನನ್ನ ಬಾಡಿಗೆಯವಳೇ ತಾನೆ? ಊಟ ಏನಮ್ಮ ಎಂದು ಕೇಳಲು ಆಗಲಿಲ್ಲ.

ಹೊರಗೆ ಬಂದಾಗ ಆ ಸೆಕ್ಯುರಿಟಿಯವನು, ಜವರಪ್ಪ ಅಂತ, ಪಿರಿಯಾಪಟ್ಟಣದ ಕಡೆಯವನು, "ತಂದ ಹಾಲು ವಾಪಸು ತಗೊಂಡು ಹೋಗ್ಬಾರ್ದು ಕಣಮ್ಮ, ತನ್ನಿ" ಎಂದು ತನ್ನ ಗೂಡಿನಲ್ಲಿದ್ದ ಕರೆಂಟಿನ ಕೆಟಲಿಗೆ ಸುರಿದ. ಉಕ್ಕಿತು ಟೀಚರೇ! ಪೂರ್ವಕ್ಕಲ್ಲ, ಸ್ವಿಚ್ ಬೋರ್ಡಿನ ಕಡೆಗೆ. ಫಟ್ ಎಂದು ಗೇಟಿನ ಕರೆಂಟೇ ಹೋಯಿತು. ಕಾರಿನವರೆಲ್ಲ ಹಾರನ್ ಹೊಡೆಯತೊಡಗಿದರು. ಕಿರಣ ನನ್ನನ್ನು ರಟ್ಟೆ ಹಿಡಿದು ಕಾರಿಗೆ ತುಂಬಿದ. ಹುಣಸೂರು ದಾಟುವವರೆಗೂ ಅವನು ಗೊಣಗುತ್ತಲೇ ಇದ್ದ, ನಾನು ನಗುತ್ತಲೇ ಇದ್ದೆ. ಆಮೇಲೆ ನಗು ನಿಂತಿತು. ಇದನ್ನು ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುವವರು ನೀವೊಬ್ಬರು, ನೀವು ಗೋಡೆಯ ಆಚೆ ಇಲ್ಲ ಎಂದು ನೆನಪಾಯಿತು. ಅಳು ಬಂತು. ಸುಳ್ಳೇಕೆ ಹೇಳಲಿ.

ನನ್ನದು ಎನ್ನುವುದಕ್ಕೆ ನನಗೆ ಗೊತ್ತಿದ್ದದ್ದು ಒಂದೇ ಅರ್ಥ. ಯಾವ ಬಾಗಿಲು ಮಳೆಗಾಲದಲ್ಲಿ ಬಿಗಿಯಾಗುತ್ತದೆ, ಯಾರ ಮಗುವಿಗೆ ಜ್ವರ, ಯಾರು ಈ ತಿಂಗಳು ಕಣ್ಣು ತಪ್ಪಿಸುತ್ತಿದ್ದಾರೆ, ಇದೆಲ್ಲ ಗೊತ್ತಿರಬೇಕು. ಹೊಳೆ ನೀರು ಬೀದಿಗೆ ಬಂದ ವರ್ಷ ಅಷ್ಟೂ ಸಂಸಾರ ನಮ್ಮ ತಾರಸಿಯ ಮೇಲೆ ಒಂದೇ ಹಂಡೆಯಲ್ಲಿ ಗಂಜಿ ಕುಡಿದೆವಲ್ಲ, ನಿಮ್ಮ ಅತ್ತೆಯವರೂ ಕುಡಿದರು, ಯಾರು ಮಾಡಿದ್ದು ಎಂದು ಕೇಳಲಿಲ್ಲ. ಆಗ ನಾನು ಶ್ರೀಮಂತೆ ಅನ್ನಿಸಿತ್ತು. ಈಗ ಬ್ಯಾಂಕಿನವರು ಎದ್ದು ನಿಂತು ಮಾತಾಡಿಸುತ್ತಾರೆ, ಏನೂ ಅನ್ನಿಸುವುದಿಲ್ಲ.

ಕಿರಣನಿಗೆ ಇದನ್ನು ಹೇಳಿದರೆ, "ಅತ್ತೆ, ತಲೆನೋವು ಹೋಯ್ತು ಅಂತ ಅಳೋರನ್ನ ನಿನ್ನೊಬ್ಬಳನ್ನೇ ನೋಡಿದ್ದು" ಎನ್ನುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ನನ್ನ ಕಾಲು ನೋಡಿ ಹೇಳಿದ.

ಈ ಕಾಗದ ಬರೆಯಲು ಕೂತದ್ದೇ ಒಂದು ಮಾತಿಗೆ. ಇಲ್ಲಿ ಒಂದು ರೂಮು ಖಾಲಿ ಇದೆ. ಬಾಡಿಗೆಗಲ್ಲ. ಬೆಳಗಿನ ಬಿಸಿಲು ಬೀಳುತ್ತದೆ, ನಿಮ್ಮ ಸಂಡಿಗೆಗೆ ತಾರಸಿ ಇದೆ, ಕಾಗೆ ಓಡಿಸಲು ನಾನಿದ್ದೇನೆ. ಅಡುಗೆಮನೆ ಪೂರ್ತಿ ನಿಮ್ಮದು. ನನ್ನ ಕೋಳಿಸಾರಿಗೆ ಹಿತ್ತಲಲ್ಲಿ ಬೇರೆ ಒಲೆ ಇಟ್ಟುಕೊಳ್ಳುತ್ತೇನೆ, ಆ ಚಿಕ್ಕ ಗ್ಯಾಸ್ ಒಲೆ ಸುಮ್ಮನೆ ಕೂತಿದೆ. ಮನೋರಮಾ ಅವರಿಗೆ ಬೇಸರವಾಗುವುದಾದರೆ ಚಳಿ ಮುಗಿಯುವವರೆಗೆ ಬಂದಿರಿ. ತಂಗಿಯ ಮನೆಯಾದರೂ ಬೇರೆಯವರ ಮನೆಯೇ ಎಂದು ನಾನು ಹೇಳಬಾರದು. ಹೇಳಿಬಿಟ್ಟೆ.

ನಿಮ್ಮ ಬಿ.ಪಿ. ಮಾತ್ರೆ ಮರೆಯಬೇಡಿ. ರಾತ್ರಿ ಮಜ್ಜಿಗೆ ಬೇಡ. ಮನೋರಮಾ ಅವರಿಗೆ ನಮಸ್ಕಾರ ಹೇಳಿ, ಅವರ ಮೊಮ್ಮಗುವಿಗೆ ನನ್ನ ಆಶೀರ್ವಾದ. ಕಾವೇರಮ್ಮ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಪಕ್ಕದ ಮನೆಯ
ಲಿಂಗಮ್ಮ

ತಾ.ಕ.: ಮಡಿಚಿ ಕವರಿಗೆ ಹಾಕಿದ್ದನ್ನು ಮತ್ತೆ ಬಿಚ್ಚಿದ್ದೇನೆ. ದೀಪಾವಳಿಗೆ ಮುಂಚೆ ನೀವು ಕುಶಾಲನಗರಕ್ಕೆ ಬಂದಿದ್ದಿರಿ. ಬಸ್ ಸ್ಟ್ಯಾಂಡಿನ ಎದುರು ಕಂದು ಶಾಲು ಹೊದ್ದು ನಿಂತಿದ್ದಿರಿ. ನಾನು ರಸ್ತೆಯ ಈಚೆ ಇದ್ದೆ. "ಟೀಚರೇ" ಎಂದು ಕೂಗಿ ಕೈ ಎತ್ತಿದೆ. ನೀವು ನೋಡಿದಿರಿ. ನೋಡಿ, ಬಳೆ ಅಂಗಡಿಯ ಕಡೆ ತಿರುಗಿಕೊಂಡಿರಿ. ನಿಮಗೂ ನನಗೂ ಬಳೆ ಅಂಗಡಿಯಲ್ಲಿ ಏನು ಕೆಲಸ? ಎತ್ತಿದ ಕೈ ಇಳಿಸಲು ನಾಚಿಕೆಯಾಗಿ ಹಾಗೇ ನಿಂತಿದ್ದೆ. ತನಗೇ ಕೈ ತೋರಿಸಿದೆನೆಂದು ಒಂದು ಆಟೋ ಬಂದು ನಿಂತಿತು. ಹತ್ತಿ ಕೂತೆ. "ಎಲ್ಲಿಗಮ್ಮ?" ಅಂದ. ಬಾಯಿಗೆ ಬಂದದ್ದು "ಲಿಂಗಮ್ಮನ ವಠಾರ." ಹೊಸ ಹುಡುಗ, "ಅದೆಲ್ಲಿ ಬರುತ್ತೆ?" ಎಂದು ಕೇಳಿದ. ನೀನು ಸುಮ್ಮನೆ ಹೋಗ್ತಾ ಇರಪ್ಪ ಅಂದೆ.

ಮುಂದಿನ ಸಲ ಬಂದರೆ ನಡುರಸ್ತೆಯಲ್ಲೇ ಬೈದುಬಿಡಿ ಟೀಚರೇ. ನಿಂತು ಕೇಳಿಸಿಕೊಳ್ಳುತ್ತೇನೆ. ನೋಡದವರ ಹಾಗೆ ಮಾತ್ರ ಹೋಗಬೇಡಿ.